ಉಡುಗೊರೆ, ಊಟೋಪಚಾರ ಮತ್ತು ಸರ್ಕಾರಿ ನೌಕರ: ಓದುಗರ ಪ್ರಶ್ನೆಗಳಿಗೆ ಉತ್ತರ

ದೀಪಾವಳಿ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪವೇ ಬದಲಾಗುತ್ತದೆ. ವೇತನ ನಿಗದಿ, ಬಡ್ತಿ, ಗಳಿಕೆ ರಜೆಯ ನಗದೀಕರಣದ ಪ್ರಶ್ನೆಗಳು ಹಿಂದೆ ಸರಿದು, ಮನೆ ಬಾಗಿಲಿಗೆ ಬಂದ ಡಬ್ಬಿಯನ್ನು ಏನು ಮಾಡಬೇಕು, ಮದುವೆಯಲ್ಲಿ ಬಂದ ಸರವನ್ನು ಕಚೇರಿಗೆ ತಿಳಿಸಬೇಕೆ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಈ ಸಂಚಿಕೆಯನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಡಲಾಗಿದೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗ್ರೂಪ್ ಬಿ ಅಧಿಕಾರಿ. ಕಳೆದ ತಿಂಗಳು ಮಗಳ ಮದುವೆ ಮಾಡಿದೆ. ನನ್ನ ಭಾವಮೈದುನ 40 ಗ್ರಾಂ ಚಿನ್ನದ ಸರ ಹಾಕಿದರು. ಕಾಲೇಜಿನ ಕಾಲದ ಗೆಳೆಯರೊಬ್ಬರು ಸುಮಾರು 8,000 ರೂಪಾಯಿಯ ಬೆಳ್ಳಿ ದೀಪಗಳನ್ನು ಕೊಟ್ಟರು. ನಮ್ಮ ಕಚೇರಿಯ ಕಟ್ಟಡದ ಕಾಮಗಾರಿ ಮಾಡುತ್ತಿರುವ ಗುತ್ತಿಗೆದಾರರು ಕವರಿನಲ್ಲಿ 5,001 ರೂಪಾಯಿ ಇಟ್ಟು ಮಗಳ ಕೈಗೆ ಕೊಟ್ಟು ಹೋದರು. ಇವೆಲ್ಲ ಮಗಳಿಗೆ ಬಂದವು, ನನಗಲ್ಲ. ಮದುವೆಯ ಉಡುಗೊರೆಗೆ ಆದಾಯ ತೆರಿಗೆಯೂ ಇಲ್ಲ ಎಂದು ಕೇಳಿದ್ದೇನೆ. ನಾನು ಯಾವುದನ್ನು ಘೋಷಿಸಬೇಕು?

ಉತ್ತರ: ತೆರಿಗೆಯ ಮಾತನ್ನು ಮೊದಲು ಬದಿಗಿಡೋಣ. ಮದುವೆಯ ಸಂದರ್ಭದಲ್ಲಿ ವಧುವರರಿಗೆ ಬಂದ ಉಡುಗೊರೆಗೆ ಆದಾಯ ತೆರಿಗೆಯಿಂದ ವಿನಾಯಿತಿ ಇರುವುದು ನಿಜ. ಆ ವಿನಾಯಿತಿ ವಧುವಿನ ತಂದೆಗೆ ಅನ್ವಯಿಸುವುದಿಲ್ಲ ಎಂಬುದೂ ನಿಜ. ಆದರೆ ತೆರಿಗೆ ಇಲ್ಲವೆಂದ ಮಾತ್ರಕ್ಕೆ ನಡತೆ ನಿಯಮದ ಹೊಣೆ ತಪ್ಪುವುದಿಲ್ಲ. ಇವೆರಡನ್ನು ಒಂದೇ ಎಂದು ತಿಳಿದು ಸಿಕ್ಕಿಹಾಕಿಕೊಂಡವರು ಕಡಿಮೆಯಿಲ್ಲ.

ನಿಮಗೆ ಅನ್ವಯಿಸುವುದು ಕೇಂದ್ರ ಸಿವಿಲ್ ಸೇವೆಗಳ (ನಡತೆ) ನಿಯಮಗಳು, 1964ರ 13ನೇ ನಿಯಮ. ಮದುವೆ, ವಾರ್ಷಿಕೋತ್ಸವ, ಉತ್ತರಕ್ರಿಯೆ, ಧಾರ್ಮಿಕ ಸಮಾರಂಭ ಮುಂತಾದ ಸಂದರ್ಭಗಳಲ್ಲಿ, ಕೊಡುವುದು ರೂಢಿಯಲ್ಲಿದ್ದರೆ, ಹತ್ತಿರದ ಬಂಧುಗಳಿಂದ ಹಾಗೂ ನೌಕರರೊಂದಿಗೆ ಕಚೇರಿಯ ವ್ಯವಹಾರವಿಲ್ಲದ ಆಪ್ತ ಸ್ನೇಹಿತರಿಂದ ಉಡುಗೊರೆ ಪಡೆಯಲು ಅದು ಅವಕಾಶ ಕೊಡುತ್ತದೆ. ಒಂದು ಉಡುಗೊರೆಯ ಬೆಲೆ ಗ್ರೂಪ್ ಎ ಅಧಿಕಾರಿಗೆ 25,000, ಗ್ರೂಪ್ ಬಿ ಅಧಿಕಾರಿಗೆ 15,000, ಗ್ರೂಪ್ ಸಿ ನೌಕರರಿಗೆ 7,500 ರೂಪಾಯಿ ಮೀರಿದರೆ ಸರ್ಕಾರಕ್ಕೆ ವರದಿ ಮಾಡಬೇಕು. ಆದ್ದರಿಂದ ಭಾವಮೈದುನರ ಸರಕ್ಕೆ ವರದಿ ಬೇಕು, ಗೆಳೆಯರ ದೀಪಗಳಿಗೆ ಬೇಕಿಲ್ಲ. ವರದಿಯೆಂದರೆ ಒಪ್ಪಿಗೆ ಬೇಡುವುದಲ್ಲ, ತಿಳಿಸುವುದು. ಇಷ್ಟು ಸುಲಭದ ಕೆಲಸವನ್ನು ಜನ ಏಕೆ ಮುಂದೂಡುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಇನ್ನು ಗುತ್ತಿಗೆದಾರರ ಕವರು. ಮೇಲೆ ಹೇಳಿದ ಎರಡು ಬಗೆಗೂ ಸೇರದ ಉಡುಗೊರೆ ಗ್ರೂಪ್ ಎ ಮತ್ತು ಬಿ ಅಧಿಕಾರಿಗಳ ವಿಷಯದಲ್ಲಿ 5,000, ಗ್ರೂಪ್ ಸಿ ನೌಕರರ ವಿಷಯದಲ್ಲಿ 2,000 ರೂಪಾಯಿ ಮೀರಿದರೆ ಸರ್ಕಾರದ ಮಂಜೂರಾತಿ ಇಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ. 2019ಕ್ಕೆ ಮುಂಚೆ ಈ ಮಿತಿ 1,500 ಮತ್ತು 500 ರೂಪಾಯಿ ಇತ್ತು. ಶುಭಕ್ಕೆಂದು ಸೇರಿಸಿದ ಒಂದು ರೂಪಾಯಿ ಮಿತಿಯನ್ನು ದಾಟಿಸಿದೆ ಎಂದು ನೀವು ನಗಬಹುದು. ಆದರೆ ಕವರಿನಲ್ಲಿ 4,999 ಇದ್ದಿದ್ದರೂ ನನ್ನ ಉತ್ತರ ಬೇರೆಯಾಗುತ್ತಿರಲಿಲ್ಲ. ನಡತೆ ನಿಯಮದ ಮೊತ್ತಗಳು ಯಾವುದಕ್ಕೆ ಕಾಗದಪತ್ರ ಬೇಕು, ಯಾವುದಕ್ಕೆ ಬೇಡ ಎಂಬುದನ್ನಷ್ಟೇ ಹೇಳುತ್ತವೆ. ಅಷ್ಟರೊಳಗೆ ಯಾರಿಂದ ಏನು ಪಡೆದರೂ ಸರಿ ಎಂದು ಎಲ್ಲಿಯೂ ಹೇಳುವುದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 11ನೇ ಸೆಕ್ಷನ್ ಯಾವ ಮೊತ್ತವನ್ನೂ ನಮೂದಿಸಿಲ್ಲ. ಸರ್ಕಾರಿ ಸೇವಕನು ತಾನು ನಡೆಸಿದ, ನಡೆಸುತ್ತಿರುವ ಅಥವಾ ನಡೆಸಲಿರುವ ವ್ಯವಹಾರದಲ್ಲಿ ಸಂಬಂಧವಿರುವ ವ್ಯಕ್ತಿಯಿಂದ, ಅದು ಗೊತ್ತಿದ್ದೂ, ಪ್ರತಿಫಲ ಕೊಡದೆ ಅಥವಾ ಸಾಲದಷ್ಟು ಕೊಟ್ಟು ಅನುಚಿತ ಲಾಭ ಪಡೆದರೆ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ ಎಂದು ಅದು ಹೇಳುತ್ತದೆ. ಆ ಗುತ್ತಿಗೆದಾರರ ಬಿಲ್ಲು ನಿಮ್ಮ ಮೇಜಿಗೆ ಬರುತ್ತದೆಯೇ ಎಂಬುದು ಮುಖ್ಯ, ಕವರಿನಲ್ಲಿ ಎಷ್ಟಿತ್ತು ಎಂಬುದು ಆಮೇಲಿನ ಮಾತು.

ಮಗಳಿಗೆ ಬಂದದ್ದು ನನಗೆ ಬಂದದ್ದಲ್ಲ ಎಂಬ ವಾದಕ್ಕೆ ನಿಯಮದಲ್ಲೇ ಉತ್ತರವಿದೆ. ನೌಕರನು ತಾನು ಪಡೆಯಬಾರದಷ್ಟೇ ಅಲ್ಲ, ತನ್ನ ಕುಟುಂಬದ ಸದಸ್ಯರಾಗಲಿ ತನ್ನ ಪರವಾಗಿ ಬೇರೆಯವರಾಗಲಿ ಪಡೆಯಲು ಬಿಡಲೂಬಾರದು. ಮಗಳು ಸ್ವತಃ ದುಡಿಯುತ್ತಿದ್ದು ನಿಮ್ಮ ಆಶ್ರಯದಲ್ಲಿ ಇಲ್ಲದಿದ್ದರೆ ನಿಯಮದ ವ್ಯಾಖ್ಯೆಯ ಪ್ರಕಾರ ಆಕೆ ‘ಕುಟುಂಬದ ಸದಸ್ಯೆ’ ಅಲ್ಲ ಎಂದು ವಕೀಲರು ವಾದಿಸಬಹುದು. ಆದರೆ ಆ ಗುತ್ತಿಗೆದಾರರಿಗೆ ನಿಮ್ಮ ಮಗಳ ಪರಿಚಯವಾದದ್ದೇ ನಿಮ್ಮ ಹುದ್ದೆಯಿಂದ ಎಂಬುದನ್ನು ಯಾವ ವಿಚಾರಣಾಧಿಕಾರಿಯೂ ಮರೆಯುವುದಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಛತ್ರದಲ್ಲಿ ಹಿರಿಯರೊಬ್ಬರು ಕುಳಿತು ಮುಯ್ಯಿ ಬರೆದ ಪುಸ್ತಕವಿರುತ್ತದಲ್ಲ, ಅದನ್ನು ತೆಗೆಯಿರಿ. ಕೊಟ್ಟವರ ಹೆಸರು, ಊರು, ಮೊತ್ತ ಎಲ್ಲವೂ ಆ ದಿನದ ಕೈಬರಹದಲ್ಲಿ ಅದರಲ್ಲಿವೆ. ನಿಮ್ಮ ಬಳಿ ಅದಕ್ಕಿಂತ ಒಳ್ಳೆಯ ದಾಖಲೆ ಬೇರೊಂದಿಲ್ಲ. ಹೆಸರುಗಳ ಮೇಲೆ ಕಣ್ಣಾಡಿಸಿ ಬಂಧುಗಳು, ಕಚೇರಿ ವ್ಯವಹಾರವಿಲ್ಲದ ಸ್ನೇಹಿತರು, ಉಳಿದವರು ಎಂದು ಗುರುತು ಹಾಕಿಕೊಳ್ಳಿ. ಸರದ ವಿವರವನ್ನು, ಅಂದಾಜು ಬೆಲೆಯೊಂದಿಗೆ, ಮೇಲಧಿಕಾರಿಯ ಮೂಲಕ ನಿಗದಿತ ಪ್ರಾಧಿಕಾರಕ್ಕೆ ಈ ತಿಂಗಳೇ ಬರೆಯಿರಿ. ಗುತ್ತಿಗೆದಾರರಿಗೆ 5,001 ರೂಪಾಯಿಯನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಹಿಂದಿರುಗಿಸಿ, ಹಾಗೆ ಹಿಂದಿರುಗಿಸಿದ್ದನ್ನು ಅದೇ ಪತ್ರದಲ್ಲಿ ಒಂದು ಪ್ಯಾರಾದಲ್ಲಿ ತಿಳಿಸಿ. ಪತ್ರದ ನಕಲಿನ ಮೇಲೆ ಆವಕ ಶಾಖೆಯ ಮೊಹರು ಮತ್ತು ದಿನಾಂಕ ಬೀಳದೆ ಅಲ್ಲಿಂದ ಏಳಬೇಡಿ.

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯಲ್ಲಿ ಗ್ರಾಮ ಆಡಳಿತಾಧಿಕಾರಿ. ಸ್ಥಳ ಪರಿಶೀಲನೆಗೆ ಹೋದಾಗ ರೈತರು ಊಟ ಮಾಡದೆ ಕಳುಹಿಸುವುದಿಲ್ಲ. ಬಸ್ಸಿಲ್ಲದ ಹಳ್ಳಿಗಳಲ್ಲಿ ಅವರ ಬೈಕಿನಲ್ಲೇ ಓಡಾಡಬೇಕಾಗುತ್ತದೆ. ಇತ್ತೀಚೆಗೆ ಪೌತಿ ಖಾತೆಗೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕಿದ್ದ ಒಬ್ಬರು ಆಪೂಸು ಮಾವಿನ ಪೆಟ್ಟಿಗೆಯೊಂದನ್ನು ಮನೆಗೆ ತಂದಿಟ್ಟರು. ಇದನ್ನೆಲ್ಲ ಬರೆದುಕೊಡುತ್ತ ಕೂತರೆ ಕೆಲಸ ಮಾಡುವುದು ಯಾವಾಗ?

ಉತ್ತರ: ರೊಟ್ಟಿ ಊಟವನ್ನೂ ಬೈಕ್ ಸವಾರಿಯನ್ನೂ ಯಾರೂ ಬರೆದುಕೊಡಿ ಎಂದು ಕೇಳಿಲ್ಲ. ನಿಮಗೆ ಅನ್ವಯಿಸುವುದು 1966ರ ಹಳೆಯ ನಿಯಮಗಳ ಜಾಗದಲ್ಲಿ ಬಂದ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021. ಆದರೆ ಆತಿಥ್ಯದ ವಿಷಯದಲ್ಲಿ ಎಲ್ಲರೂ ಆಧಾರವಾಗಿ ಹಿಡಿಯುವ ಸ್ಪಷ್ಟ ಮಾತು ಕೇಂದ್ರದ 13ನೇ ನಿಯಮದ ವಿವರಣೆಯಲ್ಲಿದೆ. ಹತ್ತಿರದ ಬಂಧು ಅಥವಾ ವ್ಯವಹಾರವಿಲ್ಲದ ಸ್ನೇಹಿತರಲ್ಲದ ಯಾರೇ ಒದಗಿಸಿದ ಉಚಿತ ಪ್ರಯಾಣ, ಊಟ, ವಸತಿ, ಇತರ ಸೇವೆ ಅಥವಾ ಹಣದ ರೂಪದ ಯಾವುದೇ ಅನುಕೂಲ ಉಡುಗೊರೆಯೇ ಆಗುತ್ತದೆ. ಆದರೆ ಅಪರೂಪಕ್ಕೊಮ್ಮೆಯ ಊಟ, ದಾರಿಯಲ್ಲಿ ವಾಹನಕ್ಕೆ ಹತ್ತಿಸಿಕೊಳ್ಳುವುದು, ಸಾಮಾನ್ಯ ಸಾಮಾಜಿಕ ಸತ್ಕಾರ ಉಡುಗೊರೆಯಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಕಚೇರಿ ವ್ಯವಹಾರವುಳ್ಳ ವ್ಯಕ್ತಿ ಅಥವಾ ಸಂಸ್ಥೆಯಿಂದ ಅದ್ದೂರಿಯ ಅಥವಾ ಪದೇಪದೇ ಆತಿಥ್ಯ ಪಡೆಯುವುದನ್ನು ನೌಕರನು ತಪ್ಪಿಸಬೇಕು. ಅದ್ದೂರಿ ಎಂಬುದರಷ್ಟೇ ಪದೇಪದೇ ಎಂಬುದಕ್ಕೂ ಇಲ್ಲಿ ತೂಕವಿದೆ. ಊರಿಗೆ ಹೋದಾಗಲೆಲ್ಲ ಒಂದೇ ಮನೆಯಲ್ಲಿ ಊಟ, ಒಬ್ಬರದೇ ಬೈಕು ಎಂದಾದರೆ ಆ ಊರಿನ ಉಳಿದವರು ನಿಮ್ಮನ್ನು ಆ ಮನೆಯ ಕಡೆಯವರೆಂದೇ ಎಣಿಸುತ್ತಾರೆ. ಗಡಿ ತಕರಾರು ಬಂದ ದಿನ ನಿಮ್ಮ ಮಹಜರನ್ನು ಅವರು ನಂಬುವುದಿಲ್ಲ.

ಮಾವಿನ ಪೆಟ್ಟಿಗೆಯದು ಬೇರೆ ಕಥೆ. ಅರ್ಜಿ ನಿಮ್ಮ ಬಳಿ ಬಾಕಿ ಇರುವಾಗ ಅರ್ಜಿದಾರರು ಮನೆಗೆ ತಂದಿಟ್ಟದ್ದು ಹೊಲದ ಬದುವಿನಲ್ಲಿ ಕೊಟ್ಟ ಎಳನೀರಿನಂತಲ್ಲ. ಖಾತೆಯಾದ ಮೇಲೆ ತಂದುಕೊಟ್ಟರೆ ಪರವಾಗಿಲ್ಲವೇ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ನಾನು ಮೇಲೆ ಹೇಳಿದ 11ನೇ ಸೆಕ್ಷನ್ ನಡೆದುಹೋದ ವ್ಯವಹಾರವನ್ನೂ ಒಳಗೊಳ್ಳುತ್ತದೆ. ಕೆಲಸವಾದ ಮೇಲಿನ ಪೆಟ್ಟಿಗೆಗೂ ಅದು ಅನ್ವಯಿಸುತ್ತದೆ. ಕೊಟ್ಟವರಿಗೆ ಬೇಸರವಾಗದಂತೆ ಅಂದೇ ವಾಪಸು ಮಾಡಿ. ‘ಅರ್ಧ ರೊಕ್ಕ ಕೊಟ್ಟು ಇಟ್ಟುಕೊಂಡೆ’ ಎಂಬ ಜಾಣತನವೂ ಬೇಡ, ಸಾಲದ ಪ್ರತಿಫಲ ಎಂಬ ಮಾತು ಸೆಕ್ಷನ್ನಿನಲ್ಲಿ ಇರುವುದೇ ಅದಕ್ಕಾಗಿ. ರಾಜ್ಯದ ನಿಯಮಗಳಲ್ಲಿ ವರದಿಯ ಮಿತಿಗಳು ಪ್ರತ್ಯೇಕವಾಗಿರುವುದರಿಂದ ಮೇಲಿನ ಉತ್ತರದಲ್ಲಿನ ಕೇಂದ್ರದ ಮೊತ್ತಗಳನ್ನು ನಿಮ್ಮವೆಂದು ತಿಳಿಯಬೇಡಿ. ತಾಲ್ಲೂಕು ಕಚೇರಿಯ ಸಿಬ್ಬಂದಿ ಶಾಖೆಯಿಂದ 2021ರ ನಿಯಮಗಳ ಪ್ರತಿಯನ್ನು ಪಡೆದು ನಿಮ್ಮ ವೃಂದಕ್ಕೆ ಹೇಳಿದ್ದನ್ನು ಓದಿಕೊಳ್ಳಿ.

ಪ್ರಶ್ನೆ: ನನ್ನ ಪತಿ ಸರ್ಕಾರಿ ಆಸ್ಪತ್ರೆಯಲ್ಲಿ ತಜ್ಞ ವೈದ್ಯರು. ಔಷಧ ಕಂಪನಿಯೊಂದು ಗೋವಾದಲ್ಲಿ ನಡೆಯುವ ಎರಡು ದಿನಗಳ ವೈದ್ಯಕೀಯ ಸಮ್ಮೇಳನಕ್ಕೆ ಇಬ್ಬರಿಗೂ ವಿಮಾನದ ಟಿಕೆಟು ಮತ್ತು ಹೋಟೆಲು ಮಾಡಿಕೊಡುವುದಾಗಿ ಹೇಳಿದೆ. ‘ಎಲ್ಲರೂ ಹೋಗುತ್ತಾರೆ’ ಎನ್ನುತ್ತಾರೆ. ಘೋಷಣೆ ಮಾಡಿ ಹೋಗಬಹುದೇ?

ಉತ್ತರ: ಹೋಗಬಾರದು. ಘೋಷಿಸಿದ ಮಾತ್ರಕ್ಕೆ ಸರಿಯಾಗದ ಸಂಗತಿಗಳೂ ಇವೆ, ಇದು ಅವುಗಳಲ್ಲೊಂದು. ನಿಮ್ಮ ಪತಿಯವರ ಮೇಲೆ ಒಂದಲ್ಲ, ಮೂರು ಕಡೆಯಿಂದ ನಿರ್ಬಂಧವಿದೆ.

ಸರ್ಕಾರಿ ನೌಕರರಾಗಿ ಅವರು ನಡತೆ ನಿಯಮಗಳಿಗೆ ಒಳಪಟ್ಟಿದ್ದಾರೆ, ಉಚಿತ ಪ್ರಯಾಣ ಮತ್ತು ವಸತಿ ಅಲ್ಲಿ ಉಡುಗೊರೆಯೇ. ವೈದ್ಯರಾಗಿ ಅವರು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಾವಳಿಗೆ ಒಳಪಟ್ಟಿದ್ದಾರೆ. ಅದಕ್ಕೆ 2009ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯು ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣ ಸೌಲಭ್ಯ, ಆತಿಥ್ಯ ಮತ್ತು ನಗದು ಪಡೆಯುವುದನ್ನು ನಿಷೇಧಿಸಿತು. 2016ರಲ್ಲಿ ಶಿಕ್ಷೆಯ ಪ್ರಮಾಣವನ್ನೂ ಸೇರಿಸಲಾಯಿತು. 1,000 ರೂಪಾಯಿ ಮೀರಿದ ಉಡುಗೊರೆಗೆ ಛೀಮಾರಿಯಿಂದ ಆರಂಭವಾಗಿ, ಮೊತ್ತ ಏರಿದಂತೆ ವೈದ್ಯರ ನೋಂದಣಿ ಪಟ್ಟಿಯಿಂದ ಹೆಸರನ್ನು ತಿಂಗಳುಗಟ್ಟಲೆ ತೆಗೆದುಹಾಕುವವರೆಗೆ ಅದು ಹೋಗುತ್ತದೆ. ಮೂರನೆಯದು ಕಂಪನಿಯ ಮೇಲಿನ ನಿರ್ಬಂಧ. ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್‌ನಲ್ಲಿ ಹೊರಡಿಸಿದ, ಔಷಧ ಕಂಪನಿಗಳ ಮಾರಾಟ ವಿಧಾನಗಳ ಏಕರೂಪ ಸಂಹಿತೆಯ ಪ್ರಕಾರ, ಸಮ್ಮೇಳನದಲ್ಲಿ ಉಪನ್ಯಾಸ ನೀಡುವ ವೈದ್ಯರಿಗೆ ಬಿಟ್ಟು ಬೇರೆಯವರಿಗೆ ಅಥವಾ ಅವರ ಕುಟುಂಬದವರಿಗೆ ಕಂಪನಿ ಪ್ರಯಾಣ ಮತ್ತು ವಸತಿಯನ್ನು ಒದಗಿಸುವಂತಿಲ್ಲ. ಎರಡನೆಯ ಟಿಕೆಟು, ಅಂದರೆ ನಿಮ್ಮದು, ಯಾವ ದಾರಿಯಿಂದಲೂ ಸಮರ್ಥನೆಗೆ ಸಿಗುವುದಿಲ್ಲ.

‘ಎಲ್ಲರೂ ಹೋಗುತ್ತಾರೆ’ ಎಂಬ ಮಾತಿಗೆ 2022ರ ಫೆಬ್ರವರಿಯ ಒಂದು ತೀರ್ಪನ್ನು ತೋರಿಸಬಹುದು. ವೈದ್ಯರಿಗೆ ಉಚಿತ ಕೊಡುಗೆಗಳಿಗೆ ಮಾಡಿದ ಖರ್ಚನ್ನು ವ್ಯವಹಾರದ ವೆಚ್ಚವೆಂದು ತೋರಿಸಿ ತೆರಿಗೆ ಕಡಿತ ಕೇಳಿದ್ದ ಅಪೆಕ್ಸ್ ಲ್ಯಾಬೊರೇಟರೀಸ್ ಕಂಪನಿಯ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪಡೆಯುವುದು ವೈದ್ಯರಿಗೆ ನಿಷಿದ್ಧವಾದ ಮೇಲೆ ಕೊಡುವುದು ಕಂಪನಿಗೆ ಸಕ್ರಮವಾಗಲಾರದು ಎಂಬುದು ಅದರ ತಿರುಳು. ಆ ಕೊಡುಗೆಗಳ ವೆಚ್ಚ ಕೊನೆಗೆ ಔಷಧದ ಬೆಲೆಯಲ್ಲಿ ಸೇರಿ ರೋಗಿಯ ಮೇಲೆಯೇ ಬೀಳುತ್ತದೆ ಎಂಬುದನ್ನೂ ನ್ಯಾಯಾಲಯ ಗಮನಿಸಿತು. ಸಮ್ಮೇಳನದ ವಿಷಯ ನಿಜಕ್ಕೂ ಅಗತ್ಯವಾದದ್ದಾದರೆ ನಿಮ್ಮ ಪತಿ ಇಲಾಖೆಯ ಅನುಮತಿ ಪಡೆದು, ನೋಂದಣಿ ಶುಲ್ಕವನ್ನು ತಾವೇ ಕಟ್ಟಿ ಹೋಗಲಿ.

ಪ್ರಶ್ನೆ: ಲೆಕ್ಕಪರಿಶೋಧನೆಗೆ ಬೇರೆ ಊರಿನ ಕಚೇರಿಗಳಿಗೆ ಹೋಗುತ್ತೇವೆ. ಅಲ್ಲಿನವರೇ ಮಧ್ಯಾಹ್ನದ ಊಟ, ಕೆಲವೊಮ್ಮೆ ಲಾಡ್ಜ್ ವ್ಯವಸ್ಥೆ ಮಾಡುತ್ತಾರೆ. ಇದೂ ತಪ್ಪೇ?

ಉತ್ತರ: ಕಚೇರಿಯ ಚಹಾ, ಎಲ್ಲರ ಜೊತೆ ಮಾಡಿದ ಮಧ್ಯಾಹ್ನದ ಊಟ ದೊಡ್ಡ ಸಂಗತಿಯಲ್ಲ. ಲಾಡ್ಜಿನ ಬಿಲ್ಲನ್ನು ಆ ಕಚೇರಿಯ ಪರವಾಗಿ ಯಾರು ಕಟ್ಟಿದರು ಎಂದು ವಿಚಾರಿಸಿ. ಸಾದಿಲ್ವಾರು (ಕಚೇರಿಯ ಚಿಲ್ಲರೆ) ಖರ್ಚಿನ ಬಾಬಿನಲ್ಲಿ ಅಂಥ ಮೊತ್ತವನ್ನು ಹಾಕಲು ಬರುವುದಿಲ್ಲವೆಂದು ಅಲ್ಲಿನ ಗುಮಾಸ್ತರಿಗೆ ಗೊತ್ತು. ಆದ್ದರಿಂದ ಅನೇಕ ಕಡೆ ಅದನ್ನು ಸರಬರಾಜುದಾರರೊಬ್ಬರ ತಲೆಗೆ ಕಟ್ಟುತ್ತಾರೆ. ನೀವು ಮರುದಿನ ತೆರೆಯುವ ವೋಚರು ಅವರದೇ ಆಗಿರಬಹುದು. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಊಟ, ವಸತಿ ಉಚಿತವಾಗಿ ದೊರೆತಿದ್ದರೆ ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿ ಅದನ್ನು ನಮೂದಿಸಬೇಕು ಮತ್ತು ದಿನಭತ್ಯೆ ಅಷ್ಟರಮಟ್ಟಿಗೆ ಕಡಿಮೆಯಾಗಬೇಕು. ಲಾಡ್ಜನ್ನೂ ಪಡೆದು ಪೂರ್ತಿ ದಿನಭತ್ಯೆಯನ್ನೂ ಬರೆದರೆ ಅದು ಆತಿಥ್ಯದ ಪ್ರಶ್ನೆಯಾಗಿ ಉಳಿಯದೆ ಸುಳ್ಳು ಬಿಲ್ಲಿನ ಪ್ರಕರಣವಾಗುತ್ತದೆ.

ಪ್ರಶ್ನೆ: ನಾನು ಮನೆಯಲ್ಲಿಲ್ಲದಾಗ ಯಾರೋ ದೀಪಾವಳಿಯ ಡಬ್ಬಿ ಕೊಟ್ಟು ಹೋಗಿದ್ದಾರೆ. ಮೇಲೆ ಒಣಹಣ್ಣು, ಕೆಳಗೆ ಬೆಳ್ಳಿಯ ನಾಣ್ಯ. ಜೊತೆಗಿದ್ದ ಕಾರ್ಡಿನಲ್ಲಿ ನಮ್ಮ ಇಲಾಖೆಯ ಸರಬರಾಜುದಾರರೊಬ್ಬರ ಹೆಸರಿದೆ. ಮನೆಯವರಿಗೆ ಗೊತ್ತಿಲ್ಲದೆ ಪಡೆದುಕೊಂಡರು. ಈಗ ಏನು ಮಾಡಲಿ?

ಉತ್ತರ: ಇವತ್ತೇ ಎರಡು ಕಾಗದ ಬರೆಯಿರಿ. ಮೊದಲನೆಯದು ಸರಬರಾಜುದಾರರಿಗೆ: ‘ದಿನಾಂಕ ಇಂಥದ್ದರ ಸಂಜೆ, ನಾನು ಮನೆಯಲ್ಲಿಲ್ಲದ ವೇಳೆ ತಮ್ಮ ಹೆಸರಿನ ಕಾರ್ಡಿನೊಂದಿಗೆ ಒಂದು ಡಬ್ಬಿಯನ್ನು ನಮ್ಮ ಮನೆಯಲ್ಲಿ ಕೊಡಲಾಗಿದೆ. ನಡತೆ ನಿಯಮಗಳ ಪ್ರಕಾರ ಇದನ್ನು ಸ್ವೀಕರಿಸಲು ನನಗೆ ಅವಕಾಶವಿಲ್ಲದ್ದರಿಂದ ಅದರಲ್ಲಿದ್ದ ಎಲ್ಲ ವಸ್ತುಗಳೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಮುಂದೆ ಇಂಥದ್ದನ್ನು ಕಳುಹಿಸಬಾರದಾಗಿ ಕೋರುತ್ತೇನೆ.’ ಇದರ ಕೆಳಗೆ ವಸ್ತುಗಳ ಪಟ್ಟಿ ಇರಲಿ, ನಾಣ್ಯದ ಮೇಲೆ ತೂಕ ಅಚ್ಚಾಗಿದ್ದರೆ ಅದನ್ನೂ ಬರೆಯಿರಿ. ಡಬ್ಬಿಯನ್ನು ತಲುಪಿಸಿ ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿ. ಎರಡನೆಯ ಕಾಗದ ನಿಮ್ಮ ಮೇಲಧಿಕಾರಿಗೆ, ಮೊದಲ ಪತ್ರದ ನಕಲಿನೊಂದಿಗೆ. ಡಬ್ಬಿಯನ್ನು ಕಚೇರಿಗೆ ತಂದು ಎಲ್ಲರಿಗೂ ಹಂಚಿಬಿಟ್ಟರೆ ದೋಷ ಹೋಯಿತೆಂದು ಕೆಲವರು ಭಾವಿಸುತ್ತಾರೆ. ಹಾಗೆ ಮಾಡಿದರೆ ಒಬ್ಬರು ಪಡೆದದ್ದಕ್ಕೆ ಹತ್ತು ಜನ ಸಾಕ್ಷಿಯಾಗುತ್ತಾರೆ, ಅಷ್ಟೇ.

ಡಬ್ಬಿಯ ಬದಲು ನಗದಿದ್ದರೆ ಒಂದು ದಿನವೂ ತಡ ಮಾಡಬೇಡಿ. ನಮ್ಮ ರಾಜ್ಯದ ಅನೇಕ ಕಚೇರಿಗಳಲ್ಲಿ, ಕೆಲಸಕ್ಕೆ ಬಂದ ಕೂಡಲೇ ಜೇಬಿನಲ್ಲಿರುವ ಹಣವನ್ನು ಬರೆದು ಸಹಿ ಹಾಕುವ ನಗದು ಘೋಷಣೆ ವಹಿ ಇದೆ. ಲೋಕಾಯುಕ್ತ ಪೊಲೀಸರು ಉಪನೋಂದಣಾಧಿಕಾರಿ ಅಥವಾ ಸಾರಿಗೆ ಕಚೇರಿಗೆ ಬಂದಾಗ ಕೇಳುವ ಪುಸ್ತಕಗಳಲ್ಲಿ ಅದೂ ಒಂದು. ವಹಿಯಲ್ಲಿ ಬೆಳಿಗ್ಗೆ 300 ರೂಪಾಯಿ ಎಂದಿದ್ದು ಸಂಜೆ ಮೇಜಿನ ಖಾನೆಯಲ್ಲಿ 12,000 ಸಿಕ್ಕರೆ, ಅದು ಯಾರೋ ಇಟ್ಟು ಹೋದ ಹಬ್ಬದ ಕವರು ಎಂಬ ವಿವರಣೆಯನ್ನು ಕೇಳುವವರು ಇರುವುದಿಲ್ಲ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಅಂಚೆ ಇಲಾಖೆಯ ನೌಕರ. ಮಾವನವರು ನನ್ನ ಪತ್ನಿಯ ಹೆಸರಿಗೆ ನಿವೇಶನವೊಂದನ್ನು ದಾನಪತ್ರ ಮಾಡಿಕೊಡುವವರಿದ್ದಾರೆ. ನಾನು ಇಲಾಖೆಗೆ ತಿಳಿಸಬೇಕೆ?

ಉತ್ತರ: ಸ್ಥಿರಾಸ್ತಿಯನ್ನು ನೌಕರನು ತನ್ನ ಅಥವಾ ಕುಟುಂಬದವರ ಹೆಸರಿನಲ್ಲಿ ಪಡೆಯುವ ಮುನ್ನ, ಅದು ಕ್ರಯವಾಗಲಿ ದಾನವಾಗಲಿ, ಪ್ರಾಧಿಕಾರಕ್ಕೆ ಮೊದಲೇ ತಿಳಿಸಬೇಕೆಂದು ಕೇಂದ್ರದ 18ನೇ ನಿಯಮ ಹೇಳುತ್ತದೆ. ಪತ್ನಿಯು ತನ್ನ ಸ್ತ್ರೀಧನ, ತನಗೆ ಬಂದ ಉಡುಗೊರೆ ಅಥವಾ ಪಿತ್ರಾರ್ಜಿತದಿಂದ ತನ್ನದೇ ಹಕ್ಕಿನಲ್ಲಿ ನಡೆಸುವ ವ್ಯವಹಾರಕ್ಕೆ ಇದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟೀಕರಣವೂ ಇದೆ. ಹಾಗಾಗಿ ಕಡ್ಡಾಯವಲ್ಲ ಎಂದು ನೀವು ವಾದಿಸಬಹುದು. ಆದರೂ ತಿಳಿಸಿ ಎಂದೇ ನನ್ನ ಸಲಹೆ, ಕಾರಣವಿದೆ. ಆದಾಯ ಮೀರಿದ ಆಸ್ತಿಯ ಪ್ರಕರಣಗಳಲ್ಲಿ ‘ತಿಳಿದ ಆದಾಯ ಮೂಲ’ ಎಂದರೆ ಸಕ್ರಮ ಮೂಲದಿಂದ ಬಂದದ್ದು ಮಾತ್ರವಲ್ಲ, ನಿಯಮದಂತೆ ಸರ್ಕಾರಕ್ಕೆ ತಿಳಿಸಿದ್ದೂ ಆಗಿರಬೇಕು ಎಂದು ಭ್ರಷ್ಟಾಚಾರ ತಡೆ ಕಾಯ್ದೆಯ ಹಳೆಯ ಪಾಠದಲ್ಲಿತ್ತು. 2018ರ ತಿದ್ದುಪಡಿಯಲ್ಲಿ ತಿಳಿಸಿರಬೇಕೆಂಬ ಭಾಗ ಬಿಟ್ಟುಹೋಯಿತು. ಆದರೆ ಮಾವ ಕೊಟ್ಟರು, ಅತ್ತೆ ಕೊಟ್ಟರು ಎಂಬ ಸಮಜಾಯಿಷಿಯನ್ನು ದಾಳಿಯಾದ ಮೇಲೆ ಹೇಳುವುದಕ್ಕೂ, ಕೊಟ್ಟ ವರ್ಷದಲ್ಲೇ ಬರೆದ ಒಂದು ಹಾಳೆಯನ್ನು ಕಡತದಿಂದ ತೆಗೆದು ತೋರಿಸುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ತಿದ್ದುಪಡಿಯೂ ಅಳಿಸಿಲ್ಲ. ಮಾವನವರಿಗೆ ಆ ನಿವೇಶನ ಹೇಗೆ ಬಂತು ಎಂಬ ಪತ್ರಗಳ ನಕಲನ್ನೂ ಜೊತೆಗಿಡಿ.

ಪ್ರಶ್ನೆ: ನಮ್ಮ ಅಧಿಕಾರಿಗಳು ನಿವೃತ್ತರಾಗುತ್ತಿದ್ದಾರೆ. ಚಿನ್ನದ ಉಂಗುರ ಕೊಡಲು ಎಲ್ಲರಿಂದ, ಕಚೇರಿ ಸಹಾಯಕರಿಂದಲೂ, ತಲಾ 1,000 ರೂಪಾಯಿ ಎತ್ತುತ್ತಿದ್ದಾರೆ.

ಉತ್ತರ: ನಿವೃತ್ತಿ ಅಥವಾ ವರ್ಗಾವಣೆಯ ಸಂದರ್ಭದಲ್ಲಿ ಖಾಸಗಿ ಮತ್ತು ಅನೌಪಚಾರಿಕ ರೀತಿಯ ಬೀಳ್ಕೊಡುಗೆಗೆ ಅಡ್ಡಿಯಿಲ್ಲ. ಆದರೆ ಚಂದಾ ಕೊಡುವಂತೆ ಒತ್ತಡ ಹೇರುವುದನ್ನೂ, ಮೇಲಿನ ವೃಂದದವರ ಸತ್ಕಾರಕ್ಕಾಗಿ ಕೆಳಗಿನ ವೃಂದದ ನೌಕರರಿಂದ ಚಂದಾ ಎತ್ತುವುದನ್ನೂ ಕೇಂದ್ರದ 14ನೇ ನಿಯಮ ನೇರವಾಗಿ ನಿಷೇಧಿಸಿದೆ. ಪಟ್ಟಿ ಹಿಡಿದು ಬಂದವರಿಗೆ ಇದನ್ನು ತೋರಿಸಿ. ರಾಜ್ಯ ಸರ್ಕಾರ 2021ರ ಆಗಸ್ಟ್‌ನಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತ್ತು. ಅದು ಸಮಾರಂಭಗಳ ಮಾತಾದರೂ ನಿಮ್ಮ ಬೀಳ್ಕೊಡುಗೆಗೂ ಒಗ್ಗುತ್ತದೆ.

ಪ್ರಶ್ನೆ: ನಾನು ಸಣ್ಣ ಗುತ್ತಿಗೆದಾರ. ಹಬ್ಬಕ್ಕೆ ‘ಏನಾದರೂ’ ತರದಿದ್ದರೆ ಬಿಲ್ಲು ಮುಂದಕ್ಕೆ ಹೋಗುವುದಿಲ್ಲ ಎನ್ನುತ್ತಾರೆ. ಕೊಡುವ ನಾವೂ ಅಪರಾಧಿಗಳೇ?

ಉತ್ತರ: ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ 2018ರ ತಿದ್ದುಪಡಿಯ ನಂತರ ಹೌದು. 8ನೇ ಸೆಕ್ಷನ್ ಪ್ರಕಾರ ಕೊಡುವವರಿಗೂ 7 ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಎರಡು ವಿನಾಯಿತಿಗಳಿವೆ. ಬಲವಂತಕ್ಕೆ ಒಳಗಾಗಿ ಕೊಟ್ಟವರು 7 ದಿನಗಳ ಒಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರು ಅಪರಾಧಿಯಲ್ಲ. ಮೊದಲೇ ದೂರು ಕೊಟ್ಟು, ತನಿಖಾ ಸಂಸ್ಥೆಯ ನೆರವಿಗಾಗಿ ಕೊಟ್ಟವರೂ ಅಲ್ಲ. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಮಾಡಿದ ಮೇಲೆ ರಾಜ್ಯದಲ್ಲಿ ನೀವು ಹೋಗಬೇಕಾದ್ದು ಲೋಕಾಯುಕ್ತ ಪೊಲೀಸರ ಬಳಿಗೆ. ಅವರು ನಿಮ್ಮ ನೋಟುಗಳ ಸಂಖ್ಯೆಯನ್ನು ಬರೆದುಕೊಂಡು, ಫಿನಾಲ್ಫ್ತಲೀನ್ ಪುಡಿ ಸವರಿ ಕೊಡುತ್ತಾರೆ. ಪಡೆದವರ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಪಂಚರ ಎದುರಿನಲ್ಲೇ ಅದನ್ನು ಬಾಟಲಿಗೆ ತುಂಬಿ ಮೊಹರು ಮಾಡುತ್ತಾರೆ. ‘ಏನಾದರೂ’ ಎಂದವರು ಮೊತ್ತ ಹೇಳಲಿಲ್ಲವೆಂಬ ಚಿಂತೆ ಬೇಡ. ಕಾಯ್ದೆಯಲ್ಲಿ ಅನುಚಿತ ಲಾಭ ಎಂಬುದು ಹಣಕ್ಕೆ ಸೀಮಿತವಲ್ಲ.

ಪ್ರಶ್ನೆ: ಒಬ್ಬ ಅಧಿಕಾರಿ ತನ್ನ ಮಗನ ಮದುವೆಯಲ್ಲಿ ಪಡೆದ ಉಡುಗೊರೆಗಳ ವಿವರವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕೊಡುತ್ತಾರೆಯೇ? ಮಂತ್ರಿಗಳಿಗೂ ಈ ನಿಯಮಗಳು ಅನ್ವಯಿಸುತ್ತವೆಯೇ?

ಉತ್ತರ: ನೀವು ಕೇಳಿದ್ದನ್ನೇ ಹೆಚ್ಚುಕಡಿಮೆ ಹಾಗೆಯೇ ಒಬ್ಬರು ಕೇಳಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದರು. ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಅರ್ಜಿದಾರರು ಅಧಿಕಾರಿಯೊಬ್ಬರ ಆಸ್ತಿ ವಿವರ, ಶಿಸ್ತು ಕ್ರಮದ ಕಾಗದಗಳ ಜೊತೆಗೆ ಅವರ ಮಗನ ಮದುವೆಯಲ್ಲಿ ಬಂದ ಉಡುಗೊರೆಗಳ ವಿವರವನ್ನೂ ಕೋರಿದ್ದರು. ಇವು ವೈಯಕ್ತಿಕ ಮಾಹಿತಿ, ವ್ಯಾಪಕ ಸಾರ್ವಜನಿಕ ಹಿತಾಸಕ್ತಿ ಇದೆ ಎಂದು ತೋರಿಸದ ಹೊರತು ಕೊಡಬೇಕಿಲ್ಲ ಎಂದು 2012ರ ಅಕ್ಟೋಬರಿನಲ್ಲಿ ನ್ಯಾಯಾಲಯ ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಕಲಮನ್ನು ಇನ್ನಷ್ಟು ಬಿಗಿ ಮಾಡಿದೆ. ಬ್ರಿಟನ್‌ನಲ್ಲಿ ಸಚಿವರು ಮತ್ತು ಹಿರಿಯ ಅಧಿಕಾರಿಗಳು ಯಾರಿಂದ ಆತಿಥ್ಯ ಪಡೆದರೆಂಬ ಪಟ್ಟಿಯನ್ನು ಇಲಾಖೆಗಳೇ ಪ್ರಕಟಿಸುತ್ತವೆ. ನಮ್ಮಲ್ಲಿ ನೌಕರ ಸರ್ಕಾರಕ್ಕೆ ಹೇಳುತ್ತಾನೆ, ಸರ್ಕಾರ ಜನರಿಗೆ ಹೇಳುವುದಿಲ್ಲ. ಕನಿಷ್ಠ ಪಕ್ಷ ಟೆಂಡರು, ಪರವಾನಗಿ, ಖರೀದಿಯ ಹುದ್ದೆಗಳಲ್ಲಿ ಇರುವವರ ಉಡುಗೊರೆ ವರದಿಗಳನ್ನಾದರೂ ಪ್ರಕಟಿಸಬೇಕೆಂಬುದು ನನ್ನ ಅಭಿಪ್ರಾಯ. ಆಮಂತ್ರಣ ಪತ್ರಿಕೆ ಹಂಚಿ ಸಾವಿರ ಜನರ ಎದುರು ಪಡೆದ ಉಡುಗೊರೆಯಲ್ಲಿ ಗೋಪ್ಯವೇನಿದೆ ಎಂಬುದು ನನಗೆ ತಿಳಿಯದು.

ಮಂತ್ರಿಗಳಿಗೆ ನಡತೆ ನಿಯಮಗಳು ಅನ್ವಯಿಸುವುದಿಲ್ಲ. ಅವರಿಗೆ ಕೇಂದ್ರ ಗೃಹ ಸಚಿವಾಲಯದ ಸಚಿವರ ನೀತಿ ಸಂಹಿತೆ ಇದೆ. ಹತ್ತಿರದ ಬಂಧುಗಳಲ್ಲದವರಿಂದ ಬೆಲೆಬಾಳುವ ಉಡುಗೊರೆ ಬೇಡ, ಕಚೇರಿ ವ್ಯವಹಾರವಿರುವವರಿಂದ ಯಾವುದೂ ಬೇಡ ಎಂದು ಅದು ಹೇಳುತ್ತದೆ. ವಿದೇಶ ಪ್ರವಾಸದಲ್ಲಿ ಬಂದ ದುಬಾರಿ ಉಡುಗೊರೆಗಳು ವಿದೇಶಾಂಗ ಸಚಿವಾಲಯದ ತೋಷಖಾನೆಗೆ, ಅಂದರೆ ಉಡುಗೊರೆಗಳ ಭಂಡಾರಕ್ಕೆ, ಸೇರಬೇಕು. 2016ರಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಧರಿಸುತ್ತಿದ್ದ ದುಬಾರಿ ಹ್ಯೂಬ್ಲೋ ಕೈಗಡಿಯಾರ ವಿವಾದವಾದಾಗ, ಅದು ವಿದೇಶದಲ್ಲಿರುವ ವೈದ್ಯ ಸ್ನೇಹಿತರು ಕೊಟ್ಟದ್ದೆಂದು ಅವರು ತಿಳಿಸಿದರು ಮತ್ತು ಆ ಮಾರ್ಚ್‌ನಲ್ಲಿ ಅದನ್ನು ವಿಧಾನಸಭಾಧ್ಯಕ್ಷರಾಗಿದ್ದ ಕಾಗೋಡು ತಿಮ್ಮಪ್ಪ ಅವರಿಗೆ ಒಪ್ಪಿಸಿ ಸರ್ಕಾರದ ಆಸ್ತಿಯಾಗಿಸಿದರು. ಇದಲ್ಲದೆ ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984ರ 22ನೇ ಸೆಕ್ಷನ್ ಪ್ರಕಾರ ಸಚಿವರು ಮತ್ತು ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ಮತ್ತು ಋಣದ ವಿವರವನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕು.

ಪ್ರಶ್ನೆ: ಕಂಪನಿಗಳು ಹಂಚುವ ಕ್ಯಾಲೆಂಡರು, ಡೈರಿ ತೆಗೆದುಕೊಳ್ಳಬಹುದೇ?

ಉತ್ತರ: ಕಂಪನಿಯ ಹೆಸರು ಅಚ್ಚಾಗಿರುವ, ಎಲ್ಲರಿಗೂ ಹಂಚುವ ಸಾಧಾರಣ ಡೈರಿಗೆ ಆಕ್ಷೇಪವಿಲ್ಲ. ಡೈರಿಯ ಜೊತೆಗೆ ಪೆನ್ನು, ಪೆನ್ನಿನ ಜೊತೆಗೆ ಕೈಗಡಿಯಾರ ಇರುವ ಪೆಟ್ಟಿಗೆಯಾದರೆ ಮೇಲೆ ಕೊಟ್ಟಿರುವ ಪತ್ರದ ಮಾದರಿಯನ್ನು ಬಳಸಿಕೊಳ್ಳಿ.